ಈ ಫೋನಿನಲ್ಲಿರುವ ಜಿಮೇಲ್ ಯಾರದ್ದು?

"ಲೊಕೇಶನ್ ಆಫ್ ಮಾಡಿಕೊಡಿ" ಎಂದು ಯಾರಾದರೂ ಫೋನನ್ನು ನನ್ನ ಮೇಜಿನ ಮೇಲಿಟ್ಟರೆ ನಾನು ಲೊಕೇಶನ್ ಗುಂಡಿಯನ್ನು ಮುಟ್ಟುವುದಿಲ್ಲ. ಮೊದಲು ಕೇಳುವುದು ಇಷ್ಟೇ: ಈ ಫೋನಿನಲ್ಲಿರುವ ಜಿಮೇಲ್ ಯಾರದ್ದು? "ಮಗ ಹಾಕಿಕೊಟ್ಟಿದ್ದು", "ಅಳಿಯನದ್ದಿರಬೇಕು ಅಕ್ಕ", "ಫೋನ್ ಕೊಂಡ ಅಂಗಡಿಯಲ್ಲೇ ಏನೋ ಮಾಡಿದರು" ಎಂಬ ಉತ್ತರಗಳು ಬರುತ್ತವೆ. "ನನ್ನದೇ" ಎಂದು ತಟ್ಟನೆ ಹೇಳುವವರು ಕಡಿಮೆ, ಹೆಂಗಸರಲ್ಲಿ ಮತ್ತು ವಯಸ್ಸಾದವರಲ್ಲಿ ಇನ್ನೂ ಕಡಿಮೆ.

ಸಾಗರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಮೆರಿಕದ ಕಂಪನಿಗಳು, ಸರ್ಕಾರ, ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆ ಎಂಬ ಹೆದರಿಕೆಯನ್ನು ಅಲ್ಲಿ ದಿನವೂ ಕೇಳುತ್ತೇನೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಇವತ್ತು ಮಧ್ಯಾಹ್ನ ನೀವು ಎಲ್ಲಿದ್ದಿರಿ ಎಂಬ ಕುತೂಹಲ ಹೆಚ್ಚಾಗಿ ನಿಮ್ಮನ್ನು ಬಲ್ಲವರಿಗೇ ಇರುತ್ತದೆ; ಅದನ್ನು ತಣಿಸಿಕೊಳ್ಳಲು ಅವರಿಗೆ ಒಂದು ಪಾಸ್‌ವರ್ಡ್ ಸಾಕು. ಆದ್ದರಿಂದ ಮನೆಯವರಿಂದ ಶುರುಮಾಡಿ ಹೊರಗಿನವರ ಕಡೆಗೆ ಹೋಗೋಣ. ಇಲ್ಲಿರುವ ಮೆನು ಹೆಸರುಗಳು ಆಂಡ್ರಾಯ್ಡ್ ಫೋನಿನವು. ಕಂಪನಿಯಿಂದ ಕಂಪನಿಗೆ ಒಂದೆರಡು ಪದ ಬದಲಾಗಬಹುದು. ಸೆಟ್ಟಿಂಗ್ಸ್ ತೆರೆದಾಗ ಮೇಲೆ ಕಾಣುವ ಹುಡುಕುವ ಪೆಟ್ಟಿಗೆಯಲ್ಲಿ ಹೆಸರನ್ನು ಬರೆದರೆ ಸಿಕ್ಕೇ ಸಿಗುತ್ತದೆ.

ಫೋನಿಗೆ ಜಾಗ ಗೊತ್ತಾಗುವುದು ಹೇಗೆ

ಉಪಗ್ರಹ ಮೇಲಿನಿಂದ ನಮ್ಮನ್ನು ನೋಡುತ್ತಿದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಜಿಪಿಎಸ್ ಉಪಗ್ರಹಗಳು ಸಮಯದ ಸಂಕೇತವನ್ನು ಬಿತ್ತರಿಸುತ್ತವೆ, ಅಷ್ಟೆ. ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ತಾನು ಎಲ್ಲಿದ್ದೇನೆಂದು ಫೋನೇ ಲೆಕ್ಕ ಹಾಕಿಕೊಳ್ಳುತ್ತದೆ. ನಮ್ಮ ದೇಶದ ಇಂಥದೇ ಉಪಗ್ರಹ ವ್ಯವಸ್ಥೆಯಾದ ನಾವಿಕ್ ಕೂಡ ಹೀಗೆಯೇ. ಅದರ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಭದ್ರಾವತಿ ಆಕಾಶವಾಣಿಗೆ ತನ್ನ ಕೇಳುಗರು ಯಾವ ತೋಟದಲ್ಲಿ ಕುಳಿತಿದ್ದಾರೆಂದು ತಿಳಿಯದ ಹಾಗೆ ಬ್ಯಾಲಾಳುವಿನವರಿಗೂ ನಿಮ್ಮ ಫೋನಿನ ಸುದ್ದಿ ತಿಳಿಯದು. ಲೆಕ್ಕ ಮುಗಿದ ಮೇಲೆ ಅದರ ಉತ್ತರವನ್ನು ಯಾವ ಆ್ಯಪ್ ಇಂಟರ್ನೆಟ್ ಮೂಲಕ ಯಾರಿಗೆ ಕಳಿಸುತ್ತದೆ ಎಂಬಲ್ಲಿ ತಾಪತ್ರಯ ಶುರುವಾಗುತ್ತದೆ.

ಎರಡನೆಯ ದಾರಿ ವೈಫೈ. ವೈಫೈ ಕೊಡುವ ಯಾವ ಪೆಟ್ಟಿಗೆ, ಅಂದರೆ ರೂಟರ್, ಎಲ್ಲಿದೆ ಎಂಬ ದೊಡ್ಡ ಪಟ್ಟಿ ಗೂಗಲ್ ಮತ್ತು ಆ್ಯಪಲ್ ಕಂಪನಿಗಳ ಬಳಿ ಇದೆ. ಸುತ್ತಲಿನ ರೂಟರ್‌ಗಳ ಗುರುತನ್ನು ಆ ಪಟ್ಟಿಯೊಂದಿಗೆ ಹೋಲಿಸಿದರೆ ಮನೆಯೊಳಗೂ ಜಾಗ ತಿಳಿಯುತ್ತದೆ. ನೀವು ವೈಫೈ ಆಫ್ ಮಾಡಿದ್ದರೂ ಫೋನ್ ಇದಕ್ಕಾಗಿ ಹುಡುಕುತ್ತಿರಬಹುದು. ಸೆಟ್ಟಿಂಗ್ಸ್‌ನ ಲೊಕೇಶನ್ ಮೆನುವಿನಲ್ಲಿ ಲೊಕೇಶನ್ ಸರ್ವಿಸಸ್ ತೆರೆದು ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಎರಡನ್ನೂ ಆಫ್ ಮಾಡಿ. ಮೂರನೆಯದು ಟವರ್. ಅದರ ಮಾತು ಆಮೇಲೆ, ಏಕೆಂದರೆ ಅದು ನಿಮ್ಮ ಗುಂಡಿಗೆ ಬಗ್ಗುವುದಿಲ್ಲ.

ಮೊದಲು ಖಾತೆ

ಫೋನಿನಲ್ಲಿ ಯಾರ ಗೂಗಲ್ ಖಾತೆ ಇದೆಯೋ ಅವರು ತಮ್ಮ ಮನೆಯ ಕಂಪ್ಯೂಟರಿನಲ್ಲಿ ಫೈಂಡ್ ಹಬ್ ತೆರೆದು ಅದೇ ಖಾತೆಯಿಂದ ಒಳಗೆ ಹೋದರೆ ನಿಮ್ಮ ಫೋನ್ ನಕ್ಷೆಯ ಮೇಲೆ ಕಾಣುತ್ತದೆ. ಕಳೆದುಹೋದ ಫೋನ್ ಹುಡುಕಲೆಂದು ಮಾಡಿದ ಸೌಲಭ್ಯ ಇದು. ಕದ್ದು ಹಾಕಿದ ಬೇಹುಗಾರಿಕೆ ತಂತ್ರಾಂಶ ಬೇಕಿಲ್ಲ, ಯಾವ ಹ್ಯಾಕರನೂ ಬೇಕಿಲ್ಲ. ಹೀಗೆ ಹುಡುಕಿದಾಗ ಸಾಮಾನ್ಯವಾಗಿ ಫೋನಿನಲ್ಲೊಂದು ಸೂಚನೆ ಬರುತ್ತದೆ, ಆದರೆ ಸೂಚನೆಗಳನ್ನು ಓದುವವರಾರು? ಎಲ್ಲವನ್ನೂ ಒಟ್ಟಿಗೆ ಬಲಕ್ಕೆ ಸರಿಸಿಬಿಡುತ್ತೇವೆ.

ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ಎಷ್ಟು ಜಿಮೇಲ್ ಖಾತೆಗಳಿವೆ ನೋಡಿ. ನಿಮ್ಮದಲ್ಲದ್ದು ಇದ್ದರೆ ಕೂಡಲೇ ಅಳಿಸಬೇಡಿ. ನಿಮ್ಮ ಸಂಪರ್ಕಗಳು, ಫೋಟೊಗಳು, ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲ ಆ ಖಾತೆಯೊಳಗೇ ಕುಳಿತಿರುತ್ತವೆ. ಮೊದಲು ನಿಮ್ಮ ಹೆಸರಿನಲ್ಲಿ ಹೊಸ ಖಾತೆ ತೆರೆಯಿರಿ. ಕಾಂಟ್ಯಾಕ್ಟ್ಸ್ ಆ್ಯಪ್‌ನಲ್ಲಿ ಎಲ್ಲ ನಂಬರುಗಳನ್ನು ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಹೊಸ ಖಾತೆಗೆ ಇಂಪೋರ್ಟ್ ಮಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನ ಚಾಟ್ ಬ್ಯಾಕಪ್‌ನಲ್ಲಿ ಗೂಗಲ್ ಖಾತೆಯನ್ನು ಬದಲಿಸಿ, ಹೊಸದಾಗಿ ಒಮ್ಮೆ ಬ್ಯಾಕಪ್ ತೆಗೆಯಿರಿ. ಫೋಟೊಗಳನ್ನು ಮೆಮೊರಿ ಕಾರ್ಡಿಗೋ ಪೆನ್‌ಡ್ರೈವಿಗೋ ಹಾಕಿಕೊಳ್ಳಿ. ಆಮೇಲೆ ಹಳೆಯ ಖಾತೆಯನ್ನು ತೆಗೆಯಿರಿ. ಹೊಸ ಖಾತೆಯ ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ತೂಗುಹಾಕಿದರೆ ಇಷ್ಟೆಲ್ಲ ಮಾಡಿ ಉಪಯೋಗವಿಲ್ಲ.

ಖಾತೆ ನಿಮ್ಮದೇ ಆಗಿದ್ದರೂ ಅದು ಬೇರೆಲ್ಲೋ ತೆರೆದಿರಬಹುದು. ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ಯಾವ ಯಾವ ಸಾಧನಗಳಲ್ಲಿ ಲಾಗಿನ್ ಆಗಿದೆ ಎಂಬ ಪಟ್ಟಿ ಇದೆ. ಗುರುತಿಲ್ಲದ ಫೋನ್, ಮಾರಿಬಿಟ್ಟ ಹಳೆಯ ಫೋನ್, ಸೈಬರ್ ಕೇಂದ್ರದ ಕಂಪ್ಯೂಟರ್ ಕಂಡರೆ ಅಲ್ಲಿಂದಲೇ ಸೈನ್ ಔಟ್ ಮಾಡಿ ಪಾಸ್‌ವರ್ಡ್ ಬದಲಿಸಿ. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಎಂಬ ಪಟ್ಟಿಯನ್ನೂ ನೋಡಿ; ನೀವು ಸ್ನೇಹಿತೆಗೆ ಕಳಿಸಿದ ಲೊಕೇಶನ್ ಇನ್ನೊಬ್ಬರ ಲ್ಯಾಪ್‌ಟಾಪಿನಲ್ಲಿ ಕಾಣುವುದು ಆ ದಾರಿಯಲ್ಲಿ.

ಇನ್ನು ಗೂಗಲ್ ಮ್ಯಾಪ್ಸ್. ಬಲ ಮೇಲ್ತುದಿಯ ನಿಮ್ಮ ಚಿತ್ರವನ್ನು ಒತ್ತಿ ಲೊಕೇಶನ್ ಶೇರಿಂಗ್ ತೆರೆಯಿರಿ. ಯಾರ ಹೆಸರಿದ್ದರೆ ಅವರು ನಿಮ್ಮನ್ನು ನೋಡುತ್ತಿದ್ದಾರೆ ಎಂದರ್ಥ. ಇಲ್ಲಿ ಒಂದು ಗಂಟೆಗೆ ಹಂಚಿಕೊಳ್ಳುವ ಆಯ್ಕೆಯೂ ಇದೆ, ನಾವಾಗಿ ನಿಲ್ಲಿಸುವವರೆಗೆ ಹಂಚಿಕೊಳ್ಳುವ ಆಯ್ಕೆಯೂ ಇದೆ. ನಿಮ್ಮ ಫೋನ್ ಯಾರಾದರೊಬ್ಬರ ಕೈಯಲ್ಲಿ ಎರಡು ನಿಮಿಷ ಇದ್ದರೆ ಈ ಎರಡನೆಯದನ್ನು ಒತ್ತಲು ಸಾಕು. ವಾಟ್ಸ್‌ಆ್ಯಪ್‌ನ ಲೈವ್ ಲೊಕೇಶನ್ ಈ ವಿಷಯದಲ್ಲಿ ವಾಸಿ: 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಮೂರೇ ಆಯ್ಕೆ, ಮುಗಿದ ಮೇಲೆ ತಾನೇ ನಿಲ್ಲುತ್ತದೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೊರಟ ಮಗಳಿಗೆ ನಾನು ಹೇಳಿಕೊಡುವುದು ಇದನ್ನೇ.

ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಊರಿನ ಅಪ್ಪ ಅಮ್ಮ ಎಲ್ಲಿದ್ದಾರೆಂದು ನೋಡಬಯಸುವುದು ನಮ್ಮ ಕಡೆ ಸಾಮಾನ್ಯ. ಒಬ್ಬರೇ ತೋಟಕ್ಕೆ ಹೋಗುವ ಎಪ್ಪತ್ತೈದರ ಅಪ್ಪನ ವಿಷಯದಲ್ಲಿ ಅದು ತಪ್ಪು ಎಂದು ನಾನು ಹೇಳಲಾರೆ. ಆದರೆ ಅಪ್ಪನ ಖಾತೆಯನ್ನು ಅಪ್ಪನದ್ದಾಗಿಯೇ ಇಟ್ಟು, ಮ್ಯಾಪ್ಸ್‌ನಲ್ಲಿ ಹಂಚಿಕೊಳ್ಳುವುದನ್ನು ಅವರ ಕೈಯಲ್ಲೇ ಒತ್ತಿಸಿ, ನಿಲ್ಲಿಸುವುದು ಹೇಗೆಂದೂ ತೋರಿಸಿಕೊಡಿ. ನಿಲ್ಲಿಸುವುದನ್ನು ಹೇಳಿಕೊಡದೆ ಬಿಟ್ಟವರ ಕಾಳಜಿಯ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ನಿಧಾನವಾಗಿ ಓದಿ. ಗಂಡನೋ ಇನ್ನಾರೋ ನಿಮ್ಮನ್ನು ಹೊಡೆಯುವ, ಬೆದರಿಸುವ ಪರಿಸ್ಥಿತಿ ಇದ್ದರೆ ಮೇಲಿನ ಯಾವುದನ್ನೂ ಒಮ್ಮೆಗೇ ಆಫ್ ಮಾಡಬೇಡಿ. ನಕ್ಷೆಯಿಂದ ನೀವು ಮಾಯವಾದದ್ದು ಅವರಿಗೆ ಆ ಕ್ಷಣವೇ ತಿಳಿಯುತ್ತದೆ. ಮೊದಲು ನಂಬುವವರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾತನಾಡಿ. ಅಪಾಯ ಎದುರಿಗೇ ಇದ್ದರೆ 112. ಯಾರಿಗೆ ಲೊಕೇಶನ್ ಹೋಗುತ್ತಿದೆ ಎಂದು ತೋರಿಸುವ ಪರದೆಗಳ ಫೋಟೊವನ್ನು ಇನ್ನೊಂದು ಫೋನಿನಿಂದ ತೆಗೆದಿಟ್ಟುಕೊಳ್ಳಿ. ಬೇಹುಗಾರಿಕೆ ಆ್ಯಪ್ ಹಾಕಿರಬಹುದೆಂಬ ಸಂಶಯವಿದ್ದರೆ ಆ್ಯಪ್‌ಗಳ ಪೂರ್ತಿ ಪಟ್ಟಿಯಲ್ಲಿ, ಫೋನಿನ ಮೇಲೆ ಹೆಚ್ಚಿನ ಅಧಿಕಾರ ಪಡೆದ ಆ್ಯಪ್‌ಗಳು ಕಾಣುವ ಡಿವೈಸ್ ಅಡ್ಮಿನ್ ಮತ್ತು ಆ್ಯಕ್ಸೆಸಿಬಿಲಿಟಿ ಪಟ್ಟಿಗಳಲ್ಲಿ ಹುಡುಕಬೇಕು. ಅಂಥವು ಸಿಸ್ಟಮ್ ಸರ್ವಿಸ್, ಸಿಂಕ್ ಎಂಬಂಥ ಸಾಧು ಹೆಸರುಗಳಲ್ಲಿ ಅಡಗಿರುತ್ತವೆ. ಕಂಡರೂ ಅಳಿಸುವ ಮೊದಲು ಸಹಾಯವಾಣಿಯವರನ್ನು ಕೇಳಿ.

ಆ್ಯಪ್‌ಗಳ ವಿಚಾರಣೆ

ಸೆಟ್ಟಿಂಗ್ಸ್‌ನ ಲೊಕೇಶನ್ ಮೆನುವಿನಲ್ಲಿ ಆ್ಯಪ್ ಅನುಮತಿಗಳ ಪಟ್ಟಿ ಸಿಗುತ್ತದೆ. ಅದು ಗುಂಪುಗುಂಪಾಗಿರುತ್ತದೆ: ಯಾವಾಗಲೂ ಅನುಮತಿ ಪಡೆದವು, ಬಳಸುವಾಗ ಮಾತ್ರ ಪಡೆದವು, ಪ್ರತಿ ಸಲ ಕೇಳಬೇಕಾದವು, ಅನುಮತಿ ಇಲ್ಲದವು. ಬಳಸುವಾಗ ಮಾತ್ರ ಎಂಬ ಆಯ್ಕೆ 2019ರ ಆಂಡ್ರಾಯ್ಡ್ 10ರಲ್ಲಿ ಬಂತು. ಅದಕ್ಕಿಂತ ಮುಂಚೆ ಕೊಟ್ಟರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ. ಆಂಡ್ರಾಯ್ಡ್ 12ರಿಂದ ಪ್ರೈವೆಸಿ ಡ್ಯಾಶ್‌ಬೋರ್ಡ್ ಕೂಡ ಇದೆ. ಕಳೆದ 24 ಗಂಟೆಗಳಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಲೊಕೇಶನ್ ನೋಡಿತು ಎಂದು ಗಡಿಯಾರದ ಸಮೇತ ತೋರಿಸುತ್ತದೆ. ನೀವು ಮಲಗಿದ್ದ ಹೊತ್ತಿನಲ್ಲಿ ಎದ್ದಿದ್ದವರು ಯಾರು ಎಂದು ಮೊದಲು ಅಲ್ಲಿ ನೋಡಿ.

ಪ್ರತಿ ಆ್ಯಪ್‌ಗೂ ನಾನು ಕೇಳುವ ಪ್ರಶ್ನೆ ಒಂದೇ: ನಾನು ನಿಂತ ಜಾಗ ತಿಳಿಯದೆ ಇದರ ಕೆಲಸ ನಡೆಯುವುದಿಲ್ಲವೇ? ದಿಶಾಂಕ್ ತೆಗೆದುಕೊಳ್ಳಿ. ಕಾಲ ಕೆಳಗಿನ ಜಮೀನಿನ ಸರ್ವೆ ನಂಬರು ಹೇಳುವುದೇ ಅದರ ಕೆಲಸ, ನಿಖರ ಲೊಕೇಶನ್ ಕೊಡದೆ ಗತಿಯಿಲ್ಲ. ಬೆಳೆ ಸಮೀಕ್ಷೆ ಆ್ಯಪ್ ಕೂಡ ಹಾಗೆ, ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕು. ಇಂಥವಕ್ಕೆ ಬಳಸುವಾಗ ಮಾತ್ರ ಎಂದು ಕೊಡಿ. ಉದ್ಯೋಗ ಖಾತ್ರಿಯಲ್ಲಿ ಜಾಗದ ಗುರುತಿರುವ ಫೋಟೊದೊಂದಿಗೆ ಹಾಜರಿ ಹಾಕುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಕೂಲಿಗಾರರ ಹಾಜರಿ ಹಾಕುವ ಮೇಟ್ ಆದವರು ಅಲ್ಲಿ ಬೇಡ ಎಂದು ಒತ್ತಿದರೆ ಹತ್ತಾರು ಜನರ ಕೂಲಿಗೆ ಕುತ್ತು. ಕೆಲಸದ ಆ್ಯಪ್‌ಗಳಿಗೆ ಕೊಡಲೇಬೇಕು, ಆದರೆ ಸಂಜೆ ಮನೆಗೆ ಬಂದ ಮೇಲೂ ಕೊಡಬೇಕೆಂದಿಲ್ಲ. ಆಟೊ ಕರೆಯುವ, ಊಟ ತರಿಸುವ ಆ್ಯಪ್‌ಗಳಿಗೂ ಇದೇ ನಿಯಮ.

ಯಾವಾಗಲೂ ಎಂಬ ಅನುಮತಿಗೆ ನನ್ನ ಮಟ್ಟಿಗೆ ಅರ್ಹತೆ ಇರುವುದು ಸಿಡಿಲಿನ ಮುನ್ಸೂಚನೆಯ ಆ್ಯಪ್‌ಗೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯ ಸಿಡಿಲನ್ನು ತಿಳಿಸುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ತೋಟದಲ್ಲಿರುವವರಿಗೆ ಫೋನ್ ಜೇಬಿನಲ್ಲಿದ್ದಾಗಲೂ ಅದು ಎಚ್ಚರಿಸಬೇಕು. ಸಾಮಾನ್ಯ ಹವಾಮಾನದ ಆ್ಯಪ್‌ಗೆ ಅಷ್ಟು ಬೇಕಿಲ್ಲ. ಅನುಮತಿಯ ಪುಟದಲ್ಲೇ ನಿಖರ ಲೊಕೇಶನ್ ಎಂಬ ಗುಂಡಿಯನ್ನು ಆಫ್ ಮಾಡಿದರೆ ಸುಮಾರು 3 ಚದರ ಕಿಲೋಮೀಟರಿನೊಳಗೆ ಎಲ್ಲೋ ಇದ್ದೀರಿ ಎಂದಷ್ಟೇ ಅದಕ್ಕೆ ತಿಳಿಯುತ್ತದೆ. ಸಾಗರದಲ್ಲಿ ಮಳೆ ಬರುತ್ತದೆಯೇ ಎಂದು ಹೇಳಲು ನಿಮ್ಮ ಅಡುಗೆಮನೆಯ ವಿಳಾಸ ಏಕೆ?

ಹಣ ಪಾವತಿಯ ಆ್ಯಪ್‌ಗಳು ಲೊಕೇಶನ್ ಕೇಳುತ್ತವೆ, ಕೆಲವು ಕೊಡದಿದ್ದರೆ ಮುಂದೆ ಹೋಗಲು ಬಿಡುವುದಿಲ್ಲ. ಬಳಸುವಾಗ ಮಾತ್ರ ಕೊಡಿ. ಸಾಲದ ಆ್ಯಪ್‌ಗಳ ವಿಷಯದಲ್ಲಿ ನಿಮ್ಮ ಬೆನ್ನಿಗೆ ನಿಯಮವೇ ಇದೆ: ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲಿ ಮೊದಲು ತಂದ ನಿಯಮದ ಪ್ರಕಾರ ಅವು ನಿಮ್ಮ ಸಂಪರ್ಕ ಪಟ್ಟಿ, ಕರೆ ವಿವರ, ಫೋಟೊಗಳನ್ನು ಮುಟ್ಟುವಂತಿಲ್ಲ. ಕ್ಯಾಮೆರಾ, ಮೈಕ್, ಲೊಕೇಶನ್‌ಗಳನ್ನು ಗುರುತು ಪರಿಶೀಲನೆಗಾಗಿ ಒಂದು ಸಲ, ನಿಮ್ಮ ಸ್ಪಷ್ಟ ಒಪ್ಪಿಗೆಯಿಂದ ಮಾತ್ರ ಬಳಸಬಹುದು. ಇದಕ್ಕಿಂತ ಹೆಚ್ಚು ಕೇಳುವ ಆ್ಯಪ್‌ನಿಂದ ಸಾಲ ಪಡೆಯಬೇಡಿ, ಬಡ್ಡಿ ಎಷ್ಟೇ ಕಡಿಮೆ ಹೇಳಲಿ. ಟಾರ್ಚ್, ಕ್ಯಾಲ್ಕ್ಯುಲೇಟರ್, ಪಂಚಾಂಗ, ರಿಂಗ್‌ಟೋನ್, ವಿಡಿಯೊ ನೋಡುವ ಆ್ಯಪ್‌ಗಳಿಗೆ ಏನೂ ಬೇಡ. ಪಂಚಾಂಗಕ್ಕೆ ಸೂರ್ಯೋದಯದ ಲೆಕ್ಕಕ್ಕಾಗಿ ಊರು ಬೇಕು ಎಂದರೆ ಊರಿನ ಹೆಸರನ್ನು ನೀವೇ ಆರಿಸಿಕೊಡಿ.

ಇಷ್ಟು ಜಿಗುಟು ಏಕೆ ಎನ್ನುತ್ತೀರಾದರೆ, ಇಂಥ ಸಣ್ಣಪುಟ್ಟ ಆ್ಯಪ್‌ಗಳು ಲೊಕೇಶನ್ ಸಂಗ್ರಹಿಸಿ ಮಾರುವ ದಲ್ಲಾಳಿಗಳ ಸಂತೆಯೇ ಇದೆ. 2019ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಅಂಥದ್ದೊಂದು ಕಡತ ಸಿಕ್ಕಿತು. ಅದರಲ್ಲಿ 1.2 ಕೋಟಿ ಅಮೆರಿಕನ್ನರ ಫೋನುಗಳ 5,000 ಕೋಟಿ ಗುರುತುಗಳಿದ್ದವು. ಹೆಸರುಗಳಿರಲಿಲ್ಲ, ಆದರೆ ರಾತ್ರಿ ಒಂದು ಮನೆಯಲ್ಲಿ, ಹಗಲು ಒಂದು ಕಚೇರಿಯಲ್ಲಿ ನಿಲ್ಲುವ ಗುರುತಿಗೆ ಹೆಸರು ಹಚ್ಚುವುದು ಕಷ್ಟವೇ? ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪನಿ ಆಸ್ಪತ್ರೆ, ಪ್ರಾರ್ಥನಾಲಯಗಳಂಥ ಜಾಗಗಳ ಮಾಹಿತಿ ಮಾರದಂತೆ ಅಲ್ಲಿನ ವ್ಯಾಪಾರ ಆಯೋಗ 2024ರ ಜನವರಿಯಲ್ಲಿ ತಡೆ ಹಾಕಿತು. ಈ ಗುರುತುಗಳನ್ನು ಪೋಣಿಸುವ ದಾರ ನಿಮ್ಮ ಫೋನಿನ ಜಾಹೀರಾತು ಐಡಿ, ಅಂದರೆ ಜಾಹೀರಾತಿಗಾಗಿ ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆ. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಅಥವಾ ಗೂಗಲ್ ವಿಭಾಗದಲ್ಲಿ ಆ್ಯಡ್ಸ್ ತೆರೆದು ಜಾಹೀರಾತು ಐಡಿಯನ್ನು ಅಳಿಸಿಬಿಡಿ. ಅಳಿಸಿದ್ದರಿಂದ ಯಾವ ಕೆಲಸವೂ ನಿಂತದ್ದನ್ನು ನಾನು ನೋಡಿಲ್ಲ.

ಬೆಳಗಿನ ಓಟ, ನಡಿಗೆ ಅಳೆಯುವ ಆ್ಯಪ್ ಇಟ್ಟುಕೊಂಡವರು ಅದರ ಖಾತೆಯನ್ನು ಸಾರ್ವಜನಿಕವಾಗಿ ಬಿಡಬೇಡಿ. ಸ್ಟ್ರಾವಾ ಎಂಬ ಅಂಥದೇ ಆ್ಯಪ್ ತನ್ನ ಬಳಕೆದಾರರು ಓಡಿದ ದಾರಿಗಳನ್ನೆಲ್ಲ ಸೇರಿಸಿ ಪ್ರಕಟಿಸಿದ ಜಗತ್ತಿನ ನಕ್ಷೆಯಲ್ಲಿ ದೂರದ ಮರುಭೂಮಿಗಳ ಸೈನಿಕ ಶಿಬಿರಗಳು ಬೆಳಗುತ್ತಿರುವುದನ್ನು 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಪತ್ತೆಹಚ್ಚಿದ.

ಗೂಗಲ್‌ನ ಎರಡು ಡೈರಿಗಳು

ಒಂದು ಟೈಮ್‌ಲೈನ್. ಮ್ಯಾಪ್ಸ್‌ನಲ್ಲಿ ನಿಮ್ಮ ಚಿತ್ರವನ್ನು ಒತ್ತಿದರೆ ಸಿಗುತ್ತದೆ. ಯಾವ ದಿನ ಎಲ್ಲಿ, ಎಷ್ಟು ಹೊತ್ತು ಎಂಬ ದಾಖಲೆ ಅದು. ಮೊದಲು ಇದು ಗೂಗಲ್‌ನ ಕಂಪ್ಯೂಟರುಗಳಲ್ಲಿ ಇರುತ್ತಿತ್ತು. 2023ರ ಡಿಸೆಂಬರಿನಲ್ಲಿ ಕಂಪನಿ ಇದನ್ನು ಆಯಾ ಫೋನಿನೊಳಗೇ ಇಡುವುದಾಗಿ ಪ್ರಕಟಿಸಿ ಬದಲಾಯಿಸಿತು. ಹಾಗಾಗಿ ಈಗ ನಿಮ್ಮ ಫೋನಿನ ಬೀಗ ಬಲ್ಲವರಿಗೆ ಡೈರಿಯೂ ಸಿಗುತ್ತದೆ. ಬೇಡವಾದರೆ ಅಲ್ಲೇ ಆಫ್ ಮಾಡಿ, ಹಳೆಯದನ್ನು ಅಳಿಸಿ. ಇನ್ನೊಂದು ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ. ನೀವು ಏನು ಹುಡುಕಿದಿರಿ, ಏನು ಬಳಸಿದಿರಿ ಎಂಬ ದಾಖಲೆ ಇದು; ಹೆಸರಿನಲ್ಲಿ ಲೊಕೇಶನ್ ಎಂಬ ಪದವೇ ಇಲ್ಲದ್ದರಿಂದ ಯಾರೂ ಇದರತ್ತ ತಿರುಗಿ ನೋಡುವುದಿಲ್ಲ. ಲೊಕೇಶನ್ ಹಿಸ್ಟರಿಯನ್ನು (ಟೈಮ್‌ಲೈನ್ ದಾಖಲೆಗೆ ಆಗ ಇದ್ದ ಹೆಸರು) ಆಫ್ ಮಾಡಿದ ಮೇಲೂ ಇದರ ಮೂಲಕ ಜಾಗದ ದಾಖಲೆ ಉಳಿಯುತ್ತಿದ್ದುದನ್ನು ಅಸೋಸಿಯೇಟೆಡ್ ಪ್ರೆಸ್ 2018ರ ಆಗಸ್ಟಿನಲ್ಲಿ ಬಯಲು ಮಾಡಿತು. ಆ ಪ್ರಕರಣ 2022ರ ನವೆಂಬರಿನಲ್ಲಿ ಅಮೆರಿಕದ 40 ರಾಜ್ಯಗಳಿಗೆ 39.15 ಕೋಟಿ ಡಾಲರ್ ಕೊಡುವ ಒಪ್ಪಂದದಲ್ಲಿ ಮುಗಿಯಿತು. ಗೂಗಲ್ ಖಾತೆಯ ಡೇಟಾ ಮತ್ತು ಪ್ರೈವೆಸಿ ಪುಟದಲ್ಲಿ ಇದನ್ನು ಆಫ್ ಮಾಡಬಹುದು, ಅಥವಾ 3 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಇಡಬಹುದು. ನಾನು ಎರಡನೆಯದನ್ನು ಮಾಡಿಕೊಡುತ್ತೇನೆ, ಏಕೆಂದರೆ ಪೂರ್ತಿ ಆಫ್ ಮಾಡಿದರೆ ಹಳೆಯ ಹುಡುಕಾಟ ಸಿಗುವುದಿಲ್ಲವೆಂದು ಜನ ವಾರದೊಳಗೆ ಮತ್ತೆ ಹಾಕಿಸಿಕೊಳ್ಳಲು ಬರುತ್ತಾರೆ.

ಫೋಟೊದೊಳಗಿನ ವಿಳಾಸ

ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಎಂಬುದು ಆನ್ ಇದ್ದರೆ ಪ್ರತಿ ಚಿತ್ರದೊಳಗೂ ಅಕ್ಷಾಂಶ, ರೇಖಾಂಶ ಬರೆದಿರುತ್ತದೆ. 2012ರ ಡಿಸೆಂಬರಿನಲ್ಲಿ, ತಲೆಮರೆಸಿಕೊಂಡಿದ್ದ ಜಾನ್ ಮ್ಯಾಕಫಿ ಗ್ವಾಟೆಮಾಲಾದಲ್ಲಿದ್ದಾರೆ ಎಂಬುದು ಪತ್ರಿಕೆಯೊಂದು ಹಾಕಿದ ಅವರ ಫೋಟೊದಿಂದಲೇ ಹೊರಬಿತ್ತು. ಕಂಪ್ಯೂಟರ್ ವೈರಸ್ ತಡೆಯುವ ತಂತ್ರಾಂಶಕ್ಕೆ ಹೆಸರಾದ ಮನುಷ್ಯ ಅವರು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ. ಚಿತ್ರ ಮಸುಕಾಗಬಾರದೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೆಯೇ ಹೋಗುತ್ತದೆ. ಅಪರಿಚಿತರಿಗೆ ಹಳೆಯ ಸಾಮಾನು ಮಾರಲು ಮನೆಯಲ್ಲಿ ಫೋಟೊ ತೆಗೆಯುವವರು ಲೊಕೇಶನ್ ಟ್ಯಾಗ್ ಗುಂಡಿಯನ್ನು ಆಫ್ ಮಾಡಿಟ್ಟುಕೊಳ್ಳಿ.

ಟವರ್ ಮತ್ತು ಕಾನೂನು

ಫೋನ್ ರಿಂಗಣಿಸಬೇಕಾದರೆ ಅದು ಯಾವ ಟವರಿನ ಕೆಳಗಿದೆ ಎಂದು ಸಿಮ್ ಕಂಪನಿಗೆ ಗೊತ್ತಿರಲೇಬೇಕು. ಕೀಪ್ಯಾಡ್ ಫೋನಿಗೂ ಇದು ತಪ್ಪಿದ್ದಲ್ಲ. ನಗರದಲ್ಲಿ ಟವರುಗಳು ಒತ್ತೊತ್ತಾಗಿರುವುದರಿಂದ ಕೆಲವು ನೂರು ಮೀಟರುಗಳ ಲೆಕ್ಕ ಸಿಗುತ್ತದೆ. ಶರಾವತಿ ಹಿನ್ನೀರಿನ ಆಚೆ ತುಮರಿಯ ಕಡೆ ಟವರುಗಳೇ ವಿರಳವಾದ್ದರಿಂದ ಹಲವು ಕಿಲೋಮೀಟರು ಆಗುತ್ತದೆ. ಕರೆ ದಾಖಲೆಗಳನ್ನು ಕನಿಷ್ಠ 2 ವರ್ಷ ಇಡಬೇಕೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ಪರವಾನಗಿಯ ಷರತ್ತನ್ನು ತಿದ್ದಿತು. ಜರ್ಮನಿಯ ರಾಜಕಾರಣಿ ಮಾಲ್ಟೆ ಸ್ಪಿಟ್ಸ್ ತಮ್ಮ ದೂರವಾಣಿ ಕಂಪನಿಯಿಂದ ತಮ್ಮದೇ ಆರು ತಿಂಗಳ ದಾಖಲೆಯನ್ನು ಪಡೆದು 2011ರಲ್ಲಿ ಪ್ರಕಟಿಸಿದಾಗ ಅದರಲ್ಲಿ 35,000ಕ್ಕೂ ಹೆಚ್ಚು ಸಾಲುಗಳಿದ್ದವು. ರೈಲು ಹತ್ತಿದ್ದು, ಮಲಗಿದ್ದು ಎಲ್ಲ ಅದರಿಂದ ಓದಲು ಬರುತ್ತಿತ್ತು. ಇದನ್ನು ತಪ್ಪಿಸುವ ಸೆಟ್ಟಿಂಗ್ ಇಲ್ಲ. ಏರೋಪ್ಲೇನ್ ಮೋಡ್ ಹಾಕಿದರೆ ಟವರಿನ ಸಂಬಂಧ ಕಡಿಯುತ್ತದೆ, ಆದರೆ ಕರೆಯೂ ಬರುವುದಿಲ್ಲ, ಜಿಪಿಎಸ್ ಮಾತ್ರ ಒಳಗೆ ನಡೆಯುತ್ತಲೇ ಇರಬಹುದು.

ಸೆಟ್ಟಿಂಗ್ ಇಲ್ಲದ ಕಡೆ ಕಾನೂನು ಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರು. ಲೊಕೇಶನ್‌ಗೆ ನೇರವಾಗಿ ಸಂಬಂಧಿಸಿದ ತೀರ್ಪು 2024ರ ಜುಲೈ 8ರದ್ದು. ಜಾಮೀನು ಪಡೆದವನು ಗೂಗಲ್ ಮ್ಯಾಪ್ಸ್‌ನಲ್ಲಿ ಪಿನ್ ಹಾಕಿ ತನ್ನ ಜಾಗವನ್ನು ತನಿಖಾಧಿಕಾರಿಗೆ ಕಾಣುವಂತೆ ಇಡಬೇಕೆಂಬ ಷರತ್ತನ್ನು ಫ್ರಾಂಕ್ ವೈಟಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆರೋಪಿಯ ಓಡಾಟವನ್ನೇ ಸದಾ ಕಾವಲು ಕಾಯುವ ಷರತ್ತು ಸಲ್ಲದು ಎಂದ ಮೇಲೆ, ಯಾವ ಆರೋಪವೂ ಇಲ್ಲದ ಸೊಸೆಯ ಓಡಾಟ ಕಾಯುವವರಿಗೆ ಏನು ಹೇಳೋಣ?

ಐಫೋನ್ ಇರುವವರಿಗೆ

ಸೆಟ್ಟಿಂಗ್ಸ್‌ನ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಲೊಕೇಶನ್ ಸರ್ವಿಸಸ್ ಇದೆ. ಪ್ರತಿ ಆ್ಯಪ್‌ಗೂ ಎಂದೂ ಇಲ್ಲ, ಬಳಸುವಾಗ, ಯಾವಾಗಲೂ ಎಂಬ ಆಯ್ಕೆಗಳು, ಜೊತೆಗೆ ನಿಖರತೆಯ ಗುಂಡಿ. ಅದೇ ಪುಟದ ಕೊನೆಯ ಸಿಸ್ಟಮ್ ಸರ್ವಿಸಸ್‌ನಲ್ಲಿ ನೀವು ಹೆಚ್ಚಾಗಿ ಹೋಗುವ ಜಾಗಗಳ ದಾಖಲೆಯಾದ ಸಿಗ್ನಿಫಿಕಂಟ್ ಲೊಕೇಶನ್ಸ್ ನೋಡಿ. ಫೈಂಡ್ ಮೈ ಆ್ಯಪ್‌ನಲ್ಲಿ ಯಾರೊಂದಿಗೆ ಹಂಚಿಕೊಂಡಿದ್ದೀರಿ ಎಂದು ನೋಡಿ. 2022ರಿಂದ ಸೇಫ್ಟಿ ಚೆಕ್ ಎಂಬ ಸೌಲಭ್ಯವೂ ಇದೆ, ಯಾರಿಗೆ ಏನೇನು ಹೋಗುತ್ತಿದೆ ಎಂದು ಒಂದೇ ಕಡೆ ತೋರಿಸಿ ನಿಲ್ಲಿಸಲು. ಮೇಲಿನ ಎಚ್ಚರಿಕೆ ಇಲ್ಲಿಗೂ ಅನ್ವಯ.

ಆಫ್ ಮಾಡಬಾರದ್ದು

ಫೈಂಡ್ ಹಬ್ ಅನ್ನು ನಿಮ್ಮದೇ ಖಾತೆಯಲ್ಲಿ ಆನ್ ಇಟ್ಟುಕೊಳ್ಳಿ. ಜಾತ್ರೆಯಲ್ಲಿ ಫೋನ್ ಕಳೆದಾಗ ಬೇರೆ ಯಾವುದೂ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದಾಗ ಬರುವ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆಯನ್ನು ಬರೆದಿಡಿ, ಕಳೆದ ಫೋನನ್ನು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಬಂದ್ ಮಾಡಿಸಲು ಅದು ಬೇಕು. ಲೊಕೇಶನ್ ಗುಂಡಿಯನ್ನೂ ದಿನವಿಡೀ ಆಫ್ ಮಾಡಿಡುವ ಅಗತ್ಯವಿಲ್ಲ, ಅನುಮತಿಗಳು ಸರಿಯಾಗಿದ್ದರೆ ಸಾಕು.

ಫೋನನ್ನು ಮಾರುವಾಗ, ಮೊಮ್ಮಗನಿಗೆ ಕೊಡುವಾಗ ಮೊದಲು ಅಕೌಂಟ್ಸ್‌ಗೆ ಹೋಗಿ ನಿಮ್ಮ ಖಾತೆಯನ್ನು ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರಿಸೆಟ್ ಮಾಡಿ. ಖಾತೆ ತೆಗೆಯದೆ ರಿಕವರಿ ಮೆನುವಿನಿಂದ ರಿಸೆಟ್ ಮಾಡಿದ ಫೋನ್ ತೆರೆಯುವಾಗ ಹಳೆಯ ಖಾತೆಯ ಪಾಸ್‌ವರ್ಡನ್ನೇ ಕೇಳುತ್ತದೆ. ಆ ಖಾತೆ ಯಾರದ್ದೆಂದು ನಿಮಗೇ ಗೊತ್ತಿಲ್ಲದಿದ್ದರೆ ರಿಪೇರಿ ಅಂಗಡಿಯಲ್ಲಿ ನಾನೂ ಏನೂ ಮಾಡಲಾರೆ. ಬಿಲ್ಲು ತೆಗೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಬೇಕಾಗುತ್ತದೆ.